ಕನ್ನಡಕ್ಕೆ ನಿಷೇಧವಿದ್ದ ಮನೆ

ಚಮಚ ಗಂಡಸೆಂದೂ ಬಾಗಿಲು ಹೆಂಗಸೆಂದೂ ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ. ಮಲ್ಲೇಶ್ವರದ ಬಾಡಿಗೆ ಮನೆಯ ಜಗಲಿಯಲ್ಲಿ ಕುಳಿತು ಜರ್ಮನ್ ವ್ಯಾಕರಣದ ಪುಸ್ತಕವನ್ನು ತೆರೆದಾಗ ಮೊದಲ ಪಾಠದಲ್ಲೇ ಈ ರಹಸ್ಯ ಬಯಲಾಯಿತು. ಊಟದ ಮೇಜು ಪುಲ್ಲಿಂಗ, ಚಾಕು ನಪುಂಸಕ. ಸೋಜಿಗವೆಂದರೆ, ಮೇಜಿಗೂ ಬಾಗಿಲಿಗೂ ಲಿಂಗಭಾಗ್ಯ ಕರುಣಿಸಿದ ಆ ಮಹಾಭಾಷೆ ಹುಡುಗಿಯನ್ನು ಮಾತ್ರ ನಪುಂಸಕಲಿಂಗಕ್ಕೆ ತಳ್ಳಿಬಿಟ್ಟಿತ್ತು. ಒಳಗೆ ಅವರೆಕಾಳು ಹಿಸುಕುತ್ತಿದ್ದ ನನ್ನ ಹೆಂಡತಿ ಗಿರಿಜೆಗೆ ಇದನ್ನು ಓದಿ ಹೇಳಿ ನಗುವನ್ನು ನಿರೀಕ್ಷಿಸಿದೆ. ಅವಳು ನಗಲಿಲ್ಲ. ನಾವೂ 'ಮಗು ಅಳುತ್ತಿದೆ' ಎನ್ನುತ್ತೇವಲ್ಲ, 'ಅಳುತ್ತಿದ್ದಾಳೆ' ಎನ್ನುತ್ತೇವೆಯೇ ಎಂದು ಕೇಳಿ ಕಾಳು ಹಿಸುಕುವುದನ್ನು ಮುಂದುವರಿಸಿದಳು. ನಮ್ಮಿಬ್ಬರಲ್ಲಿ ಭಾಷೆ ಯಾರಿಗೆ ಒಲಿಯಲಿದೆ ಎಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾನು ಬಟ್ಟೆಗೆ ಹಾಕುವ ಬಣ್ಣಗಳ ರಸಾಯನವನ್ನು ಅಭ್ಯಸಿಸುತ್ತಿದ್ದವನು. ಆ ಶಾಸ್ತ್ರದ ಒಳ್ಳೆಯ ಗ್ರಂಥಗಳೆಲ್ಲ ಜರ್ಮನ್ ಭಾಷೆಯಲ್ಲಿದ್ದು, ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಯಾರೂ ಓದದ ಕಾರಣ ಅತ್ಯಂತ ಸುಸ್ಥಿತಿಯಲ್ಲಿದ್ದವು. ಅವುಗಳನ್ನು ಓದಬಲ್ಲ ಒಬ್ಬನನ್ನು ತಯಾರು ಮಾಡಬೇಕೆಂದು ಹಿರಿಯರು ನಿಶ್ಚಯಿಸಿ, ವಿದ್ಯಾರ್ಥಿವೇತನ ಕೊಡಿಸಿ ನನ್ನನ್ನು ಆ ದೇಶಕ್ಕೇ ಕಳಿಸಿದರು. ಒಬ್ಬನೇ ಹೋಗುವುದೆಂದು ನನ್ನ ಎಣಿಕೆಯಾಗಿತ್ತು. ಒಬ್ಬನೇ ಹೋದರೆ ನಾನು ಕೋಣೆಯ ಬಾಗಿಲು ಹಾಕಿಕೊಂಡು ಪುಸ್ತಕದೊಡನೆ ಮಾತ್ರ ಮಾತಾಡಿ ಹಿಂದಿರುಗುತ್ತೇನೆ ಎಂಬುದು ಗಿರಿಜೆಯ ಎಣಿಕೆ. ಅವಳದೇ ಸರಿಯೆಂದು ತೀರ್ಮಾನವಾಗಿ, ಐದು ತುಂಬದ ಮಗಳು ಉಮೆಯೂ ಸೇರಿ ಒಂದು ಸಂಸಾರವೇ ಭಾಷೆ ಕಲಿಯಲು ಹೊರಟಿತು.

ಚಾಮರಾಜಪೇಟೆಯಲ್ಲಿದ್ದ ನನ್ನ ಮಾವನವರಿಗೆ ಇದು ಬಹು ತಮಾಷೆಯಾಗಿ ಕಂಡಿತು. ಪೇಟೆಯಲ್ಲಿ ಅವರದು ಸೀರೆಯ ಅಂಗಡಿ. ತಮಿಳು, ತೆಲುಗು, ಉರ್ದು, ಮರಾಠಿಗಳನ್ನು ಅವರು ಗಿರಾಕಿಗಳಿಂದಲೇ ಕಲಿತು, ಅವೇ ಗಿರಾಕಿಗಳ ಮೇಲೆ ಪ್ರಯೋಗಿಸುತ್ತಿದ್ದರು. "ಭಾಷೆ ಕಲಿಯೋಕೆ ಹಡಗು ಹತ್ಬೇಕೆ ಅಳಿಯಂದ್ರೆ? ಅಂಗಡೀಲಿ ಬಂದು ಕೂತ್ಕೊಳ್ಳಿ, ತಾನಾಗೇ ಬರುತ್ತೆ," ಎಂದರು. ಆದರೂ ಬೊಂಬಾಯಿಗೆ ಹೋಗುವ ರೈಲಿಗೆ ನಮ್ಮನ್ನು ಹತ್ತಿಸಲು ಬಂದು, ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಿ, ರೈಲು ಕದಲಿದ ಮೇಲೂ ಕಿಟಕಿಯ ಸರಳು ಹಿಡಿದು ಸ್ವಲ್ಪ ದೂರ ನಡೆದರು. ಗಿರಿಜೆ ತಂದೆಯನ್ನು ಕಂಡದ್ದು ಅದೇ ಕಡೆಯ ಸಲ.

ನಾವು ಸೇರಿದ್ದು ಒಂದು ಸಣ್ಣ ಊರು. ಯುದ್ಧದಲ್ಲಿ ಬಾಂಬು ಬಿದ್ದ ಕಟ್ಟಡಗಳು ಇನ್ನೂ ಅರ್ಧಂಬರ್ಧ ನಿಂತಿದ್ದವು. ಮನೆಯೊಡತಿ ಮಾರ್ಟಾ ಎಂಬ ವಿಧವೆ, ಮಿತಭಾಷಿಣಿ. ಯುದ್ಧಕ್ಕೆ ಹೋದ ಗಂಡ ಮರಳಿರಲಿಲ್ಲವೆಂಬುದರ ಹೊರತು ಅವರ ವಿಷಯ ನಮಗೆ ಬೇರೇನೂ ತಿಳಿಯದು. ಆಕೆ ಕೆಳಗೆ, ನಾವು ಮೇಲೆ, ಅಡುಗೆಮನೆ ಇಬ್ಬರಿಗೂ ಒಂದೇ. ನಾನು ಬೆಳಗ್ಗೆ ತರಗತಿಯಲ್ಲಿ ಜರ್ಮನ್ ಕಲಿತು ಮಧ್ಯಾಹ್ನ ಮನೆಯಲ್ಲಿ ಕನ್ನಡದಿಂದ ಅದನ್ನು ತೊಳೆದುಕೊಳ್ಳುತ್ತಿದ್ದುದನ್ನು ಗಿರಿಜೆ ಕೆಲವು ವಾರ ನೋಡಿದಳು. ಆಮೇಲೆ ಒಂದು ದಿನ, ಹೀಗಾದರೆ ಇಷ್ಟು ದೂರ ಬಂದದ್ದಾದರೂ ಏತಕ್ಕೆ ಎಂದು ಕೇಳಿ ಕಾನೂನು ಜಾರಿ ಮಾಡಿದಳು. "ಇವತ್ತಿಂದ ಮನೇಲಿ ಕನ್ನಡ ಬೇಡ. ಉಮಂಗೂ ಅಷ್ಟೇ, ನಿಮಗೂ ಅಷ್ಟೇ."

ಆ ಕಾನೂನಿನಿಂದ ದೊರೆತ ದಾಂಪತ್ಯಸುಖವನ್ನು ವರ್ಣಿಸಲು ನನಗೆ ಯಾವ ಭಾಷೆಯೂ ಸಾಲದು. ಜಗಳವಾಡಬೇಕಾದರೆ ಶಬ್ದಸಂಪತ್ತು ಬೇಕು. ನಮ್ಮಲ್ಲಿದ್ದದ್ದು 'ಈ ಸೇಬು ಕೆಂಪಾಗಿದೆ', 'ನಿಲ್ದಾಣ ಎಲ್ಲಿದೆ' ಎಂಬಂಥ ನಿರಪಾಯಕಾರಿ ವಾಕ್ಯಗಳು. ಅವಳಿಗೆ ಕೋಪ ಬಂದರೆ ನಿಘಂಟು ಹುಡುಕುವಷ್ಟರಲ್ಲಿ ಆರಿಹೋಗುತ್ತಿತ್ತು. ಜರ್ಮನರು ಉಪವಾಕ್ಯಗಳಲ್ಲಿ ನಮ್ಮ ಹಾಗೆಯೇ ಕ್ರಿಯಾಪದವನ್ನು ಕೊನೆಗಿಡುತ್ತಾರೆಂಬುದನ್ನು ಕಂಡುಹಿಡಿದು ನಾನು ಹಿಗ್ಗುತ್ತಿದ್ದಾಗ, ಗಿರಿಜೆ ಸಂತೆಯಲ್ಲಿ ಆಲೂಗಡ್ಡೆಗೆ ಚೌಕಾಸಿ ಮಾಡಿ ಗೆದ್ದು ಬರುತ್ತಿದ್ದಳು. ಉಮೆಯಂತೂ ಬೀದಿಯ ಮಕ್ಕಳ ಜೊತೆ ಸೇರಿ, ನಿದ್ದೆಯಲ್ಲಿ ಕನವರಿಸುವುದನ್ನೂ ಜರ್ಮನ್ನಿಗೆ ಬದಲಾಯಿಸಿದಳು.

ಚಳಿಗಾಲದಲ್ಲಿ ಒಂದು ಬೆಳಗ್ಗೆ ತಂತಿ ಬಂತು. ಮಾವನವರು ಅಂಗಡಿಯಲ್ಲಿ ಕುಳಿತಿದ್ದಂತೆಯೇ ಹೃದಯ ನಿಂತು ತೀರಿಕೊಂಡಿದ್ದರು.

ಗಿರಿಜೆ ಅದನ್ನು ಓದಿ, ಮಡಿಸಿ, ಒಲೆಯ ಬಳಿ ನಿಂತಿದ್ದ ಮಾರ್ಟಾ ಅವರಿಗೆ, "ನನ್ನ ತಂದೆ ಸತ್ತುಹೋದರು," ಎಂದಳು, ಜರ್ಮನ್ನಿನಲ್ಲಿ. ವ್ಯಾಕರಣ ನಿರ್ದುಷ್ಟವಾಗಿತ್ತು, ಅದು ನನ್ನ ಗಮನಕ್ಕೆ ಬಂತೆಂಬುದೇ ನನ್ನ ಸ್ಥಿತಿಯನ್ನು ಹೇಳುತ್ತದೆ. ನಾನೂ ಏನಾದರೂ ಹೇಳಬೇಕಿತ್ತು. ಕಾನೂನು ಕಾನೂನೇ ಎಂದುಕೊಂಡು ಪಠ್ಯಪುಸ್ತಕದ ಸಂತಾಪವಾಕ್ಯವನ್ನು ಒಪ್ಪಿಸಿದೆ. ತಮ್ಮ ದುಃಖದಲ್ಲಿ ನಾನೂ ಸಹಭಾಗಿ ಎಂದು ಅದರ ಅರ್ಥ. ಕೈಹಿಡಿದ ಹೆಂಡತಿಯನ್ನು ಗೌರವದ ಬಹುವಚನದಲ್ಲಿ ಸಂಬೋಧಿಸಿದ್ದೆನೆಂಬುದು ಹೇಳಿ ಮುಗಿಸಿದ ಮೇಲೆ ಹೊಳೆಯಿತು. ಅವಳು ನನ್ನನ್ನೊಮ್ಮೆ ನೋಡಿ, ಪುಸ್ತಕದಲ್ಲಿರುವಂತೆಯೇ, ಧನ್ಯವಾದ ಎಂದಳು.

ಆಮೇಲೆ ಹಲವು ದಿನ ಅವಳು ಅಳಲಿಲ್ಲ. ಅಡುಗೆ ಮಾಡಿದಳು, ಒಗೆದಳು, ಉಮೆಯ ತಲೆ ಬಾಚಿದಳು, ಎಲ್ಲವನ್ನೂ ಆ ಪರಭಾಷೆಯಲ್ಲಿ. ಹೊರಗೆ ಹಿಮ ಬೀಳುತ್ತಿದ್ದ ಒಂದು ಭಾನುವಾರ ಮಧ್ಯಾಹ್ನ, ಅಡುಗೆಮನೆಯಲ್ಲಿ ಉಮೆ, ಯಾರು ಸತ್ತದ್ದು ಎಂದು ಜರ್ಮನ್ನಿನಲ್ಲಿ ಕೇಳಿದಳು. ಗಿರಿಜೆ ಉತ್ತರಕ್ಕೆ ಬಾಯಿ ತೆರೆದಳು. ಆ ಭಾಷೆಯಲ್ಲಿ ತಾತನಿಗೆ ಶಬ್ದವಿದೆ, ಅವಳಿಗದು ಗೊತ್ತೂ ಇತ್ತು. ಆದರೆ ಅದು ಬಾಯಿಗೆ ಬರಲಿಲ್ಲ.

"ನಿನ್ನ ತಾತ ಕಣೇ," ಎಂದಳು. "ನಮ್ಮಪ್ಪ."

ಅಲ್ಲಿಂದ ಅವಳ ಕನ್ನಡ ನಿಲ್ಲಲಿಲ್ಲ. ಅಂಗಡಿಯಿಂದ ಬರುವಾಗ ಅಪ್ಪ ಜೇಬಿನಲ್ಲಿ ತರುತ್ತಿದ್ದ ಕೊಬ್ಬರಿ ಮಿಠಾಯಿ, ಹೊಸ ಸೀರೆಯ ಗಂಜಿಯ ವಾಸನೆಯಿರುತ್ತಿದ್ದ ಅವರ ಕೈ, ಬೆಳಗ್ಗೆ ಲಿಂಗಪೂಜೆಗೆ ಕುಳಿತಾಗ ಅವರ ತೊಡೆಗೆ ಆತು ತಾನು ಮತ್ತೆ ನಿದ್ದೆ ಹೋಗುತ್ತಿದ್ದುದು, ಓದು ಬಿಡಿಸಬೇಕೆಂದ ಬಂಧುಗಳನ್ನು ಅವರು ಅಂಗಡಿಯ ಮೆಟ್ಟಿಲಿನಿಂದಲೇ ಹಿಂದೆ ಕಳಿಸಿದ್ದು. ಹೇಳುತ್ತ ಹೇಳುತ್ತ ಅಳು ಬಂತು, ಅಳುತ್ತಲೇ ಹೇಳಿದಳು. ಉಮೆ ಅವಳ ಮಡಿಲೇರಿ ಕುಳಿತಳು. ಮಾರ್ಟಾ ಕೈಯಲ್ಲಿದ್ದ ಹೆಣಿಗೆ ಕೆಳಗಿಟ್ಟು ಎದುರಿನ ಕುರ್ಚಿಗೆ ಬಂದು ಕುಳಿತು, ಒಂದಕ್ಷರವೂ ತಿಳಿಯದ ಆ ಮಾತನ್ನೆಲ್ಲ ತಲೆಯಾಡಿಸುತ್ತ ಕೇಳಿದರು. ಕಡೆಗೆ ಗಿರಿಜೆ ಸುಮ್ಮನಾದಾಗ ಅವರು ತಮ್ಮ ಗಂಡನ ವಿಷಯ ಶುರುಮಾಡಿದರು. ಅದೂ ತರಗತಿಯ ಜರ್ಮನ್ನಲ್ಲ, ಅವರ ಹಳ್ಳಿಯ ಮಾತು. ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ. ಆದರೂ ಇಬ್ಬರ ನಡುವೆ ನನ್ನ ಪಾಂಡಿತ್ಯದ ಅಗತ್ಯವಿದೆಯೆಂದು ಭಾವಿಸಿ, ಅರ್ಥ ಹೇಳಲು ಮುಂದಾದೆ.

"ಬೇಡ. ನೀವು ಸುಮ್ನಿರಿ," ಎಂದಳು ಗಿರಿಜೆ.

ಆ ಭಾನುವಾರದಿಂದ ಕಾನೂನು ರದ್ದಾಯಿತು. ಜಗಳಗಳೂ ಮರಳಿದವು, ಅವುಗಳನ್ನು ನಾನು ಸಂತೋಷದಿಂದಲೇ ಬರಮಾಡಿಕೊಂಡೆ.

ವಿದ್ಯಾಭ್ಯಾಸ ಮುಗಿಸಿ ಊರಿಗೆ ಬಂದವರು ರೈಲಿಳಿದು ನೇರವಾಗಿ ಚಾಮರಾಜಪೇಟೆಗೇ ಹೋದೆವು. ಅತ್ತೆಯವರು ಆ ದೇಶದ ಬಗೆಗಾಗಲಿ ನನ್ನ ಪ್ರಮಾಣಪತ್ರದ ಬಗೆಗಾಗಲಿ ಏನನ್ನೂ ಕೇಳಲಿಲ್ಲ. ಮಗಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ಸುದ್ದಿ ಬಂದಾಗ ಜೊತೆಯಲ್ಲಿ ಯಾರಿದ್ದರು ಎಂದು ಕೇಳಿದರು.

ನಾನು ಅಲ್ಲೇ ಕಂಬಕ್ಕೊರಗಿ ನಿಂತಿದ್ದೆ. ಮನೆಯೊಡತಿ ಇದ್ದರು ಎಂದು ಗಿರಿಜೆ ಹೇಳಿದಳು. ಎದುರಿಗೆ ಕುಳಿತು ಎಲ್ಲ ಕೇಳಿಸಿಕೊಂಡರು ಎಂದಳು.

"ಅವ್ರಿಗೆ ಕನ್ನಡ ಬರ್ತಿತ್ತೇನೆ?" ಎಂದರು ಅತ್ತೆ.



"ಅವತ್ತು ಬಂತಮ್ಮ," ಎಂದಳು ಗಿರಿಜೆ.