ಗೋರಂಟಿ ಹಚ್ಚಿದ ಹಾಗೆ

ನಮ್ಮೂರು ಗಾಬೆಸ್‌ನ ಖರ್ಜೂರದ ತೋಟಗಳಲ್ಲಿ ಗೋರಂಟಿ ಬೆಳೆಯುವವರು ನೂರಾರು ಮಂದಿ. ಮದುಮಗಳ ಕೈಗೆ ಅದನ್ನು ಹಚ್ಚಲು ಮಾತ್ರ ಎಲ್ಲರಿಗೂ ಸಾಲ್ಹಾ ಚಿಕ್ಕಮ್ಮನೇ ಬೇಕು. ಅವಳು ಕಡ್ಡಿ ಮುಟ್ಟಿದವಳಲ್ಲ. ಬಲಗೈಯ ತೋರುಬೆರಳಿನ ತುದಿಯಿಂದಲೇ ಬಳ್ಳಿ ಎಳೆಯುತ್ತಿದ್ದಳು. ನನ್ನ ಮದುವೆಗೂ ಅವಳೇ. ಕೈ ಅಲುಗಿಸಿದ್ದಕ್ಕೆ ತಲೆಗೆ ಮೊಟಕಿದ್ದಳು.

ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಎಲೆ ಕೊಡುತ್ತಿದ್ದವಳೂ ಅವಳೇ. ನಮಗೆ ಬೇಕಿದ್ದದ್ದು ಎಲೆಯ ಹಸಿರು. ಅದನ್ನು ಬಸಿದು, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ ತುಂಬಿ ಮುಲಾಮು ಮಾಡುತ್ತಿದ್ದೆವು. ಗಾಯಕ್ಕೆ ಹಚ್ಚಿ ಬೆಳಕು ಬಿಟ್ಟರೆ ಆ ಹಸಿರು ರೋಗಾಣುಗಳನ್ನು ಕೊಲ್ಲುತ್ತದೆ. ಕತ್ತಲಲ್ಲಿ ಅದು ಬರೀ ಬಣ್ಣ.

"ಇಷ್ಟು ವರ್ಷ ಎಲೆಯ ಕೆಂಪಲ್ಲಿ ನಾವು ಬದುಕಿದ್ವಿ. ನೀವು ಹಸಿರನ್ನೂ ಬಿಡಲ್ವಲ್ಲೇ," ಎಂದು ಮೂಟೆ ಇಳಿಸುತ್ತ ರೇಗಿಸುತ್ತಿದ್ದಳು.

ಆ ವರ್ಷ ಒಣಗಿದ ಗರಿ ಎಳೆಯುವಾಗ ಖರ್ಜೂರದ ಮುಳ್ಳು ಅದೇ ತೋರುಬೆರಳಿಗೆ ಚುಚ್ಚಿತು. ಸಕ್ಕರೆ ಕಾಯಿಲೆಯ ಮೈ, ಕೀವು ಯಾವ ಮಾತ್ರೆಗೂ ಬಗ್ಗಲಿಲ್ಲ. ವೈದ್ಯರು ನಮ್ಮ ಮುಲಾಮಿನ ಪರೀಕ್ಷೆಗೆ ಬೇರೆ ರೋಗಿಗಳ ಜೊತೆ ಅವಳನ್ನೂ ಸೇರಿಸಿಕೊಂಡರು. ಎರಡು ವಾರದಲ್ಲಿ ಒಣಗದಿದ್ದರೆ ಬೆರಳು ತೆಗೆಯಲೇಬೇಕು ಎಂದೂ ಹೇಳಿದರು.

ಬಳಸುವುದು ಹೇಗೆಂದು ಹೇಳಿಕೊಡುವ ಕೆಲಸ ನನ್ನದು. ಡಬ್ಬಿಗೆ ಬೆಳಕು ಬಿದ್ದರೆ ಮುಲಾಮು ಕೆಡುತ್ತದೆಂದು ಮೂರು ಸಲ ಹೇಳಿದೆ. ಉಳಿದದ್ದನ್ನು ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಒಂದೇ ಉಸಿರಿಗೆ ಮುಗಿಸಿದೆ.

"ಗೋರಂಟಿ ಹಚ್ಚಿದ ಹಾಗೆ ತೆಳ್ಳಗೆ ಹಚ್ಚಿ ಚಿಕ್ಕಮ್ಮ. ಆಮೇಲೆ ಅರ್ಧ ಗಂಟೆ ಬಿಸಿಲಲ್ಲಿ ಕೂತ್ಕೊಳ್ಳಿ."

"ನಂಗೇ ಗೋರಂಟಿ ಹಚ್ಚೋದು ಹೇಳಿಕೊಡ್ತೀಯಾ?" ಎಂದು ನಕ್ಕಳು.

ಒಂದು ವಾರಕ್ಕೆ ಮನೆಗೆ ಹೋಗಿ ನೋಡಬೇಕಿತ್ತು. ಹೋಗಲಿಲ್ಲ, ಫೋನ್ ಮಾಡಿದೆ. ದಿನಾ ಬಿಸಿಲಿಗೆ ಕೂರುತ್ತೀರಾ ಎಂದರೆ, ಬೆನ್ನು ಸುಟ್ಟುಹೋಗ್ತಿದೆ ಕಣೇ ಎಂದಳು. ಅಷ್ಟಕ್ಕೇ ಸಮಾಧಾನಪಟ್ಟುಕೊಂಡೆ.

ಹನ್ನೆರಡನೆಯ ದಿನ ಹೋದಾಗ ಅಂಗಳದ ಬಿಸಿಲಲ್ಲಿ ಚಾಪೆ ಹಾಕಿ ಕೂತಿದ್ದಳು. ಬೆರಳಿಗೆ ಹತ್ತಿ, ಹತ್ತಿಯ ಮೇಲೆ ದಪ್ಪ ಬಟ್ಟೆ, ಅದರ ಮೇಲೆ ಬಿಗಿಯಾಗಿ ಸುತ್ತಿದ ಕೆಂಪು ದಾರ. ನಮ್ಮೂರಲ್ಲಿ ಮದುಮಗಳ ಕೈ ಕಟ್ಟುವುದು ಹಾಗೆಯೇ. ಕಟ್ಟದಿದ್ದರೆ ಗೋರಂಟಿ ರಂಗು ಹಿಡಿಯದು. ನನ್ನ ಕೈಯನ್ನೂ ಹಾಗೆಯೇ ಕಟ್ಟಿದ್ದಳು, ಆದರೂ ನನಗೆ ಹೊಳೆದಿರಲಿಲ್ಲ.

"ಇದನ್ನ ಯಾಕೆ ಕಟ್ಟಿದ್ರಿ ಚಿಕ್ಕಮ್ಮ?"

"ಗೋರಂಟಿ ಹಚ್ಚಿದ ಹಾಗೆ ಅಂದ್ಯಲ್ಲ."

ಬಿಚ್ಚಿದೆ. ಬೆರಳು ಬುಡದವರೆಗೆ ಕಪ್ಪಾಗಿತ್ತು. ಅಲ್ಲಿಂದ ಮೂರನೆಯ ದಿನ ಬೆರಳು ತೆಗೆದರು.

ಆಸ್ಪತ್ರೆಯಲ್ಲಿ ಅವಳ ಹಾಸಿಗೆಯ ಪಕ್ಕ ನಿಂತು ತಪ್ಪು ನನ್ನದು ಎಂದೆ. ಬಿಸಿಲು ಗಾಯಕ್ಕೇ ಬೀಳಬೇಕು, ಕಟ್ಟಬಾರದು ಎಂಬ ಒಂದು ಮಾತನ್ನು ನಾನು ಹೇಳಲಿಲ್ಲ ಎಂದೆ. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಬ್ಯಾಂಡೇಜಿನಿಂದ ಕಣ್ಣೆತ್ತಿ ಕೇಳಿದಳು.

"ಮಿಕ್ಕವರಿಗೆ ವಾಸಿಯಾಯ್ತೇನೇ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೆಚ್ಚಿನವರಿಗೆ ಆಯ್ತು, ಚಿಕ್ಕಮ್ಮ."

"ಸದ್ಯ," ಎಂದಳು. "ನನ್ನ ಎಲೆಯೇ ಕೆಟ್ಟಿತ್ತೇನೋ ಅಂದ್ಕೊಂಡಿದ್ದೆ."