ನೀರಿಗಿಟ್ಟ ಇಟ್ಟಿಗೆ

ಒದ್ದೆ ಗೋಣಿಚೀಲಕ್ಕೆ ಅದರದೇ ಒಂದು ವಾಸನೆ ಇದೆ. ಮೊನ್ನೆ ಕಾಲೇಜಿನಿಂದ ನಡೆದು ಬರುವಾಗ ನಮ್ಮ ಬೀದಿಯ ತಿರುವಿನಲ್ಲಿ ಹೊಸದಾಗಿ ಏಳುತ್ತಿರುವ ಕಟ್ಟಡದ ಕಂಬಗಳಿಗೆ ಗೋಣಿಚೀಲ ಸುತ್ತಿ ನೀರು ಹೊಡೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಎದುರುಮನೆಯ ಯಜಮಾನರು ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಪೈಪು ಹಿಡಿದು, ಮುಖದ ತುಂಬ ನಗು ಹೊತ್ತು ನಿಂತದ್ದು ಕಣ್ಣ ಮುಂದೆ ಬಂತು. ನಾನು ಅಲ್ಲೇ ನಿಂತುಬಿಟ್ಟೆ. ನೀರು ಹೊಡೆಯುತ್ತಿದ್ದವನು "ಮೇಡಮ್, ಸೈಡಿಗೆ ಬನ್ನಿ, ಸೀರೆ ನೆನೆಯುತ್ತೆ" ಎಂದ ಮೇಲೆಯೇ ಎಚ್ಚರವಾದದ್ದು.

ಬೀದಿಯವರೆಲ್ಲ ಅವರನ್ನು ಯಜಮಾನ್ರು ಎಂದೇ ಕರೆಯುತ್ತಿದ್ದರು. ನಾವೂ ಹಾಗೇ ಕರೆದೆವು. ಯಲಹಂಕದ ಪಕ್ಕದ ಕೋಗಿಲಿನ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲಗಳೆಲ್ಲ ಸೈಟುಗಳಾದ ಮೇಲೆ ಅವರು ಮನೆ ಕಟ್ಟಿಸಿ ಬಾಡಿಗೆಗೆ ಕೊಡುವ ಕೆಲಸಕ್ಕೆ ಇಳಿದಿದ್ದರು. ಸಿಮೆಂಟಿನ ಮೇಲೆ ಅವರಿಗೆ ಅಪಾರ ಭಕ್ತಿ. ಅಂಗಳ, ಕಾಂಪೌಂಡು, ತುಳಸಿಕಟ್ಟೆ, ಗೇಟಿನ ಪಕ್ಕದ ಕೂರುವ ಜಗುಲಿ, ಎಲ್ಲವೂ ಸಿಮೆಂಟೇ. ಬಿಟ್ಟಿದ್ದರೆ ಮನೆ ಮುಂದಿನ ಹೊಂಗೆಮರಕ್ಕೂ ಒಂದು ಕೋಟು ಬಳಿಯುತ್ತಿದ್ದರೇನೋ. ನಾವು ಮಣ್ಣಿನ ಮನೆ ಕಟ್ಟಲು ಹೊರಟದ್ದು ಇಂಥವರ ಎದುರಿಗೆ.

ನಾವು ಗದಗದ ಕಡೆಯವರು. ನನಗೆ ಯಲಹಂಕದ ಹತ್ತಿರದ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ, ನನ್ನ ಗಂಡನಿಗೆ ಯಶವಂತಪುರದ ಕಡೆ ಕಾರ್ಖಾನೆಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗೇ ಇದ್ದಳು. ಆಗ ಅಲ್ಲಾಳಸಂದ್ರದಲ್ಲಿ ಮೇಲಿನ ಮಹಡಿಯ ಬಾಡಿಗೆ ಮನೆ. ಬೇಸಿಗೆಯಲ್ಲಿ ತಾರಸಿ ಎಷ್ಟು ಕಾಯುತ್ತಿತ್ತೆಂದರೆ, ನೆಲದ ಮೇಲೆ ಒದ್ದೆ ಬಟ್ಟೆ ಹಾಸಿಕೊಂಡು ಮಲಗುತ್ತಿದ್ದೆವು. ಸ್ವಂತ ಮನೆ ಅಂತ ಕಟ್ಟಿದರೆ ತಂಪಾದ ಮನೆಯನ್ನೇ ಕಟ್ಟುವುದು ಎಂದು ಅಲ್ಲೇ ನಿಶ್ಚಯಿಸಿದ್ದೆ.

ಕೋಗಿಲಿನಲ್ಲಿ ಸೈಟು ಕೊಂಡು, ಮಣ್ಣಿನ ಮನೆ ಕಟ್ಟಿಸುವ ಇಂಜಿನಿಯರೊಬ್ಬರನ್ನು ಹುಡುಕಿದೆವು. ಅವರು ವಿವರಿಸಿದ್ದು ಸರಳವಾಗಿತ್ತು. ಪಾಯ ತೋಡಿದಾಗ ಬಂದ ಕೆಂಪು ಮಣ್ಣನ್ನೇ ಜರಡಿ ಹಿಡಿದು, ಮರಳು ಮತ್ತು ಸ್ವಲ್ಪವೇ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ ಇಟ್ಟಿಗೆ ಮಾಡುವುದು. ಭಟ್ಟಿಯಲ್ಲಿ ಸುಡಬೇಕಿಲ್ಲ, ಸೌದೆಯಿಲ್ಲ, ಹೊಗೆಯಿಲ್ಲ. ಗೋಡೆಗೆ ಪ್ಲಾಸ್ಟರು ಬೇಡ, ಬಣ್ಣ ಬೇಡ. ತಾರಸಿಯ ಕಾಂಕ್ರೀಟಿನ ನಡುವೆ ಹಳೆಯ ಮಂಗಳೂರು ಹೆಂಚು ಕೂರಿಸಿದರೆ ಸಿಮೆಂಟೂ ಉಳಿಯುತ್ತದೆ, ಕಾವೂ ಒಳಗಿಳಿಯುವುದಿಲ್ಲ. ಬಾಗಿಲು ಕಿಟಕಿಗಳನ್ನು ಹಳೆ ಮನೆ ಕೆಡವುವ ಕಡೆಯಿಂದ ತರಬಹುದು. ನನಗೆ ಇಷ್ಟು ಸಾಕಾಯಿತು.

ಅವ್ವನಿಗೆ ಸಾಕಾಗಲಿಲ್ಲ. "ಮಣ್ಣಿನ ಮನ್ಯಾಗ ನಾ ಕಾಲಿಡಂಗಿಲ್ಲ ನೋಡವ್ವ. ನೀವು ಕಟ್ಕೊಂಡು ಆರಾಮ ಇರ್ರಿ. ನಾ ಗದಗಕ್ಕ, ನಮ್ಮಣ್ಣನ ಮನಿಗೆ ಹೋಗ್ತೀನಿ" ಎಂದಳು.

ಅದನ್ನು ಹಟ ಎಂದು ತಳ್ಳಿಹಾಕುವ ಹಾಗಿರಲಿಲ್ಲ. ಅವ್ವ ಚಿಕ್ಕವಳಿದ್ದಾಗ ಬಿಡದೆ ಹಿಡಿದ ಜಡಿಮಳೆಗೆ ಅವರ ಮನೆಯ ಪಡಸಾಲೆಯ ಮಣ್ಣಿನ ಗೋಡೆ ನೆನೆದು ಕುಸಿದಿತ್ತು. ಗೋಡೆಯ ಬುಡದಲ್ಲಿ ಮಲಗಿದ್ದ ಅವಳ ತಂಗಿ, ನಮ್ಮ ಚಿಗವ್ವ, ಒಂದು ಕಾಲು ಕಳೆದುಕೊಂಡಳು. ಪಕ್ಕದಲ್ಲೇ ಮಲಗಿದ್ದ ಅವ್ವನಿಗೆ ಒಂದು ಗೀರೂ ಆಗಿರಲಿಲ್ಲ. ಅಂದಿನಿಂದ ಮಳೆ ಬಂದರೆ ಅವ್ವ ಮಲಗುವವಳಲ್ಲ. ಗಟ್ಟಿಮುಟ್ಟಾದ ಬಾಡಿಗೆ ಮನೆಯಲ್ಲೂ ಅಷ್ಟೇ, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡೇ ಕೂತಿರುತ್ತಿದ್ದಳು. ಚಿಕ್ಕಂದಿನಲ್ಲಿ ನಾನು ಎಲ್ಲರ ಮನೆಯ ಅವ್ವಂದಿರೂ ಹೀಗೇ ಕೂರುತ್ತಾರೆ ಅಂದುಕೊಂಡಿದ್ದೆ...

ಈಗಿನ ಇಟ್ಟಿಗೆ ಬೇರೆ, ಆ ಕಾಲದ ಹಸಿ ಗೋಡೆ ಬೇರೆ ಎಂದು ಪರಿಪರಿಯಾಗಿ ಹೇಳಿದೆ. ಕಡೆಗೆ ಅವಳು ಒಪ್ಪಿದ್ದು ಇಷ್ಟಕ್ಕೆ: ಯುಗಾದಿಯ ದಿನ ಸೈಟಿಗೆ ಬಂದು ಪೂಜೆ ಮಾಡಿ, ಇಟ್ಟಿಗೆಯನ್ನು ಕಣ್ಣಾರೆ ನೋಡುತ್ತಾಳೆ. ಆಮೇಲೆ ಮಾತು.

ಅಷ್ಟರಲ್ಲಿ ಯಜಮಾನರ ಗೇಲಿ ಶುರುವಾಗಿತ್ತು. ನಾನು ಸೈಟಿಗೆ ಹೋದಾಗಲೆಲ್ಲ ಜಗುಲಿಯ ಮೇಲಿಂದಲೇ ಕೂಗುವರು: "ಏನ್ ಟೀಚ್ರಮ್ಮ, ಇದು ಮನೆನೋ ಉತ್ತಾನೋ? ನಾಗರ ಪಂಚಮಿಗೆ ನಮ್ಮನೆಯೋರ್ನ ಆಲು ಎರೆಯಕ್ಕೆ ಕಳುಸ್ಲಾ?" ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ನಮ್ಮ ಕೆಲಸಕ್ಕೆ ನೀರು ಬರುತ್ತಿದ್ದುದು ಅವರ ಬೋರ್‌ವೆಲ್ಲಿನಿಂದ. ನಮ್ಮ ಮರಳಿಗೂ ಗುದ್ದಲಿಗೂ ಕಾವಲಿದ್ದವರು ಅವರೇ. ಬಾಯಿ ಮುಚ್ಚಿಕೊಂಡು ನಗುವುದೊಂದೇ ನನಗೆ ಉಳಿದಿದ್ದ ದಾರಿ.

ತಿಂಗಳ ಹಿಂದೆ ಒತ್ತಿದ ಇಟ್ಟಿಗೆ ಆಗಲೇ ಒಣಗಿ ಗಟ್ಟಿಯಾಗಿ ಸೈಟಿನ ಹಿಂಬದಿಯಲ್ಲಿತ್ತು. ಯುಗಾದಿಯ ಹಿಂದಿನ ದಿನ ಕತ್ತಲಾಗುವವರೆಗೆ ಹೊಸ ಇಟ್ಟಿಗೆ ಒತ್ತಿ, ಸಾಲಾಗಿ ಪೇರಿಸಿ, ಗೋಣಿಚೀಲ ಹೊದಿಸಿ ಕೆಲಸದವರು ಊರಿಗೆ ಹೋಗಿದ್ದರು. ಹೊಸದಾಗಿ ಒತ್ತಿದ ಮಣ್ಣಿನ ಇಟ್ಟಿಗೆ ಎಳೆಗೂಸಿನ ಹಾಗೆ. ಅದರೊಳಗಿನ ಸಿಮೆಂಟು ಇನ್ನೂ ಕಚ್ಚಿರುವುದಿಲ್ಲ. ಮೊದಲ ದಿನಗಳಲ್ಲಿ ಕೈಯಿಂದ ನೀರು ಚಿಮುಕಿಸಬೇಕು, ಅಷ್ಟೇ. ಯಜಮಾನರಿಗೆ ಇದು ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಕ್ಯೂರಿಂಗ್, ಸಿಮೆಂಟು ಗಟ್ಟಿಯಾಗಲೆಂದು ದಿನಾ ನೀರುಣಿಸುವುದು. ಹೊಸ ಕಟ್ಟಡಕ್ಕೆ ಎಷ್ಟು ನೀರು ಹೊಡೆದರೂ ಕಡಿಮೆ ಎನ್ನುವುದು ಇಲ್ಲಿ ಮನೆ ಕಟ್ಟಿಸುವವರೆಲ್ಲರ ನಂಬಿಕೆ. ಯಾರದೇ ಕಂಬವಾಗಲಿ, ಒಣಗಿದ್ದು ಕಂಡರೆ ಪಕ್ಕದವರು ಒಂದು ಬಿಂದಿಗೆ ನೀರು ಎರಚಿಯೇ ಮುಂದೆ ಹೋಗುತ್ತಾರೆ.

ಹಬ್ಬದ ಬೆಳಗ್ಗೆ ಅವ್ವ ಹೊಸ ಇಳಕಲ್ ಸೀರೆ ಉಟ್ಟು, ಬೇವು ಬೆಲ್ಲದ ಬಟ್ಟಲು ಹಿಡಿದುಕೊಂಡು ನನ್ನ ಜೊತೆ ಆಟೋ ಇಳಿದಳು. ಬೀದಿಯ ಚರಂಡಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಸೈಟಿನಲ್ಲಿ ಯಜಮಾನರು ಮೋಟರು ಹಾಕಿ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ರಭಸವಾಗಿ ನೀರು ಹೊಡೆಯುತ್ತಿದ್ದರು. ಇಟ್ಟಿಗೆಗಳು ನೀರಿಗೆ ಬಿದ್ದ ಬೆಲ್ಲದಚ್ಚಿನ ಹಾಗೆ ಮೂಲೆ ಕಳೆದುಕೊಂಡು ಒಂದರ ಮೇಲೊಂದು ಕೂತುಬಿಟ್ಟಿದ್ದವು.

"ಬನ್ನಿ ಬನ್ನಿ ಟೀಚ್ರಮ್ಮ! ಗೋಣಿ ಒಣಗೋಗಿತ್ತು. ಅಬ್ಬ ಅಂತ ಯಾರೂ ಇಲ್ವಲ್ಲ, ನಾನೇ ಕ್ಯೂರಿಂಗ್ ಮಾಡ್ದೆ" ಎಂದರು. ಆಮೇಲೆ ನಮ್ಮ ಮುಖ ನೋಡಿದರು. ಆಮೇಲೆ ಇಟ್ಟಿಗೆ ನೋಡಿದರು. ಪೈಪು ಕೈಯಿಂದ ಜಾರಿತು.

ಅವ್ವ ಬೇವು ಬೆಲ್ಲದ ಬಟ್ಟಲನ್ನು ನನ್ನ ಕೈಗಿಟ್ಟು, ಆಟೋದವನನ್ನು ಕೂಗಿ ನಿಲ್ಲಿಸಿದಳು. ಮನೆಗೆ ಬಂದವಳೇ ಗದಗದ ಸೋದರಮಾವನಿಗೆ ಫೋನು ಮಾಡಿ "ನಾ ಬರ್ತೀನಿ" ಎಂದಳು. ಬ್ಯಾಗಿಗೆ ಸೀರೆ ತುಂಬಿದಳು. ಅವ್ವನಿಲ್ಲದ ಮನೆ ಎಷ್ಟು ತಂಪಾಗಿದ್ದು ಏನು ಮಾಡುವುದು? ಮಣ್ಣಿನ ಮನೆ ಬೇಡ, ಕೈಬಿಟ್ಟುಬಿಡೋಣ ಎಂದು ಗಂಡನಿಗೆ ಹೇಳಿ ಅತ್ತೆ. ಯಜಮಾನರ ಮೇಲೆ ಬಂದ ಸಿಟ್ಟಿಗಂತೂ ಹದ್ದುಬಸ್ತೇ ಇರಲಿಲ್ಲ.

ಅಂದು ಸಂಜೆ ಅವರೇ ಹೆಂಡತಿಯ ಜೊತೆ ಅಲ್ಲಾಳಸಂದ್ರದ ಮನೆಗೆ ಬಂದರು. ಹೆಂಡತಿಯ ಕೈಯಲ್ಲಿ ಒಬ್ಬಟ್ಟಿನ ಡಬ್ಬಿ. ಇವರು ಸೋಫಾ ಬಿಟ್ಟು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತರು. "ತಪ್ಪಾಯ್ತು ಕಣಮ್ಮ" ಎಂದರು, ನನಗಲ್ಲ, ಅವ್ವನಿಗೆ.

"ನಿಮ್ಮದೇನ್ ತಪ್ಪಿಲ್ಲ ಬಿಡ್ರಿ ಯಜಮಾನ್ರ" ಎಂದಳು ಅವ್ವ. "ಇವತ್ತು ನೀವು ನೀರು ಬಿಟ್ರಿ, ನಾಳೆ ಮಳಿ ಬಿಡತೈತಿ. ಮಣ್ಣಿಗೆ ಎರಡೂ ಒಂದ." ಹಾಗೆಂದು ತಂಗಿಯ ಕಾಲಿನ ಕತೆ ಹೇಳಿದಳು. ಹೊರಗಿನವರ ಮುಂದೆ ಅವಳು ಅದನ್ನು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಯಜಮಾನರು ಟವೆಲ್ಲಿನ ಅಂಚು ಸುರುಟುತ್ತ ಕೇಳಿದರು.

ಕಡೆಗೆ ಅವರೇ ದಾರಿ ಹುಡುಕಿದರು. "ಮೊದ್ಲು ಒತ್ತಿ ಒಣಗ್ಸಿರೋ ಇಟ್ಟಿಗೆ ಐತಲ್ಲ, ಅದ್ರಲ್ಲಿ ಒಂದ್ನ ನೀವೇ ಆರ್ಸಿ ಕೊಡಿ. ನಮ್ಮನೆ ಗೇಟಿನ ಅತ್ರ ಡ್ರಮ್ಮಲ್ಲಿ ನೀರೊಳಗೆ ಆಕಿಡ್ತೀನಿ. ಒಂದ್ ವಾರ ಇರ್ಲಿ. ಕರಗೋದ್ರೆ ಟೀಚ್ರಮ್ಮನ ಕೈಲಿ ಸುಟ್ಟ ಇಟ್ಟಿಗೇನೇ ಆಕುಸ್ತೀನಿ. ಕರಗ್ನಿಲ್ಲ ಅಂದ್ರೆ ನೀವು ಊರಿಗೆ ಓಗ್ಬಾರ್ದು."

ಅವ್ವ ಯೋಚಿಸಿ ಒಪ್ಪಿದಳು. ಮಾರನೆಯ ದಿನ ಇಟ್ಟಿಗೆ ಆರಿಸಿದವಳು ಬೀಗದ ಕೈಯಿಂದ ಅದರ ಮೇಲೆ ಆಳವಾಗಿ ಒಂದು ಗೀಟು ಎಳೆದಳು. ನಾವು ಬೇರೆ ಇಟ್ಟಿಗೆ ತಂದು ಅದಲುಬದಲು ಮಾಡಿದರೆ? ಹೆತ್ತ ಮಗಳ ಮೇಲೆ ಅಷ್ಟು ನಂಬಿಕೆ!

ಇಟ್ಟಿಗೆಯನ್ನು ನೀರಿಗೆ ಬಿಟ್ಟಾಗ ಬುಳುಬುಳು ಗುಳ್ಳೆ ಎದ್ದವು. ಅವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಯಜಮಾನರು ನನ್ನನ್ನು ಗೇಟಿನ ಮರೆಗೆ ಕರೆದು ಮೆಲ್ಲಗೆ ಕೇಳಿದರು. "ಕರಗಲ್ಲ ತಾನೆ?"

"ಕರಗಬಾರದು ಯಜಮಾನ್ರೇ."

"ಬಾರ್ದು ಅಂದ್ರೆ ಏನಮ್ಮ ಅರ್ಥ?"

ನನಗೇನು ಗೊತ್ತು? ಇಂಜಿನಿಯರು ಹೇಳಿದ್ದನ್ನು ನಾನು ಹೇಳಿದ್ದೆ. ಸಿಮೆಂಟಿನ ಮನುಷ್ಯ, ಮಣ್ಣನ್ನು ಒಂದು ಚೂರೂ ನಂಬದವರು, ಅವ್ವನನ್ನು ಉಳಿಸಿಕೊಳ್ಳಲೆಂದು ಮಣ್ಣಿನ ಪರ ಪಂಥ ಕಟ್ಟಿ ಕೂತಿದ್ದರು. ಅವತ್ತೇ ನನ್ನ ಸಿಟ್ಟು ಇಳಿದುಹೋಯಿತು.

ಆ ವಾರ ಬೀದಿಗೆ ಅದೇ ಸುದ್ದಿ. ಹೂವಿನವಳು, ಹಾಲಿನವನು, ಬಾಡಿಗೆದಾರರು, ಎಲ್ಲರೂ ಡ್ರಮ್ಮಿಗೆ ಇಣುಕಿ ಹೋಗುವವರೇ. ಅವ್ವ ದಿನಾ ಬೆಳಗ್ಗೆ ನನ್ನ ಜೊತೆ ಬಂದು, ಬಳೆ ಮೇಲೇರಿಸಿ, ಮೊಣಕೈವರೆಗೆ ನೀರಿಗಿಳಿಸಿ ಇಟ್ಟಿಗೆಯ ಅಂಚು ತಡವುತ್ತಿದ್ದಳು. ಯಜಮಾನರ ಹೆಂಡತಿ ಕೊಟ್ಟ ಕಾಫಿ ಕುಡಿದು ಎದ್ದು ಬರುತ್ತಿದ್ದಳು. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರೂ ಜೀವವೆಲ್ಲ ಆ ಡ್ರಮ್ಮಿನಲ್ಲೇ.

ಕೊನೆಯ ದಿನ ಯಜಮಾನರು ತೋಳು ಮಡಿಸಿ ಇಟ್ಟಿಗೆಯನ್ನು ಮೇಲೆತ್ತಿದರು. ನಾಲ್ಕು ಮೂಲೆಗಳೂ ಹಾಗೇ ಇದ್ದವು. ಬೀಗದ ಕೈಯ ಗೀಟು ಕೂಡ ಮಾಸಿರಲಿಲ್ಲ. ಅವರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಎರಡು ಕಲ್ಲುಗಳ ನಡುವೆ ಸೇತುವೆಯ ಹಾಗೆ ಇಟ್ಟಿಗೆ ಇಟ್ಟು, ತಮ್ಮ ಭಾರೀ ದೇಹವನ್ನು ಹೊತ್ತು ಅದರ ಮೇಲೆ ಹತ್ತಿ ನಿಂತರು.

"ಇಳೀರಿ ಸಾಕು! ಇಟ್ಟಿಗೆ ಮುರಿಯಲ್ಲ, ನಿಮ್ ಸೊಂಟ ಮುರೀತದೆ" ಎಂದು ಹೆಂಡತಿ ಗದರಿದರು. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಯಜಮಾನರು ಕೆಳಗಿಳಿದು "ಉಸ್ಸಪ್ಪಾ" ಎಂದು ಜಗುಲಿಯ ಮೇಲೆ ಕುಸಿದರು. ಆ ಸಂಜೆ ಅವ್ವ ಬ್ಯಾಗಿನಿಂದ ಸೀರೆಗಳನ್ನು ತೆಗೆದು ಮತ್ತೆ ಬೀರುವಿನಲ್ಲಿ ಜೋಡಿಸಿದಳು.

ಮನೆ ಎದ್ದಿತು. ಒಕ್ಕಲಾದ ಹೊಸದರಲ್ಲಿ ಅವ್ವ ತನ್ನ ಮಂಚವನ್ನು ಕೋಣೆಯ ನಟ್ಟನಡುವೆ ಹಾಕಿಸಿಕೊಂಡಿದ್ದಳು, ಯಾವ ಗೋಡೆಗೂ ತಾಗದ ಹಾಗೆ. ಮಳೆಗಾಲ ಬಂತು, ಕುರ್ಚಿ ಬಾಗಿಲಿಗೆ ಬಂತು, ಗೋಡೆ ನಿಂತೇ ಇತ್ತು. ಮುಂದಿನ ಮಳೆಗಾಲದ ಹೊತ್ತಿಗೆ ಒಂದು ದಿನ ಕಸ ಗುಡಿಸುವಾಗ ನೋಡುತ್ತೇನೆ, ಮಂಚ ಗೋಡೆಗೆ ಆನಿಕೊಂಡಿದೆ. ಯಾವಾಗ ಸರಿಸಿದಳೋ... ಹೊರಗೆ ಧೋ ಎಂದು ಸುರಿಯುತ್ತಿತ್ತು. ಅವ್ವ ಗೋಡೆಯ ಕಡೆ ಮುಖ ಮಾಡಿ ಗೊರಕೆ ಹೊಡೆಯುತ್ತಿದ್ದಳು. ಪೊರಕೆ ಹಿಡಿದುಕೊಂಡು ಎಷ್ಟೋ ಹೊತ್ತು ಆ ಗೊರಕೆ ಕೇಳುತ್ತ ನಿಂತಿದ್ದೆ.

ಯಜಮಾನರು ಮಾತ್ರ ಬದಲಾಗಲಿಲ್ಲ. ಆಮೇಲೂ ಅವರು ಕಟ್ಟಿಸಿದ್ದೆಲ್ಲ ಸಿಮೆಂಟಿನ ಮನೆಗಳೇ. ನಮ್ಮ ಮನೆ ಮುಗಿದಿದೆ ಎಂದು ಅವರು ಒಪ್ಪಲೇ ಇಲ್ಲ. ಬಂದವರಿಗೆಲ್ಲ "ಪ್ಲಾಸ್ಟರ್ ಬಾಕಿ ಐತೆ" ಎನ್ನುತ್ತಿದ್ದರು. ಮಳೆ ನಿಂತ ಕೂಡಲೇ ಗೇಟಿನಿಂದ "ಅಮ್ಮಾರೇ, ಕರಗೋಯ್ತಾ?" ಎಂದು ಕೂಗುವುದು, ಅವ್ವ ಒಳಗಿನಿಂದ "ಇಲ್ರೀ, ಐತಿ" ಎನ್ನುವುದು, ಅದೊಂದು ರೂಢಿಯಾಗಿಬಿಟ್ಟಿತ್ತು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಬೆಳಗ್ಗೆ ಜಗುಲಿಯ ಮೇಲೆ ಪೇಪರು ಓದುತ್ತ ಕೂತವರು ಹಾಗೇ ಒರಗಿದ್ದರು... ಅವ್ವ ಅಂದು ಊಟ ಮಾಡಲಿಲ್ಲ. ಒಡಹುಟ್ಟಿದ ಅಣ್ಣನೇ ಹೋದ ಹಾಗೆ ದುಃಖವಾಗಿದೆ ಎಂದಳು. ನನಗೂ ಹಾಗೇ ಆಗಿತ್ತು. ಗೇಲಿ ಮಾಡುವವರೊಬ್ಬರು ಇಲ್ಲದೆ ಬೀದಿ ಇಷ್ಟು ಬಿಕೋ ಅನ್ನುತ್ತದೆ ಎಂದು ನಾನು ಎಣಿಸಿರಲಿಲ್ಲ.

ನಿನ್ನೆ ಸಂಜೆ ಈ ವರ್ಷದ ಮೊದಲ ದೊಡ್ಡ ಮಳೆ. ಗುಡುಗಿಗೆ ಕಿಟಕಿ ಗಾಜು ಅದುರಿತು, ಕರೆಂಟು ಹೋಯಿತು. ಯಜಮಾನರ ಮಗ ರಾಜಾನುಕುಂಟೆಯ ಕಡೆ ಕಟ್ಟಡದ ಕೆಲಸಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಮಿಂಚಿದಾಗಲೆಲ್ಲ ಎದುರುಮನೆಯ ಕತ್ತಲಲ್ಲಿ ಯಜಮಾನರ ಹೆಂಡತಿ ಒಬ್ಬರೇ ಬಾಗಿಲಿಗೆ ಬಂದು ನಿಂತದ್ದು ಕಾಣುತ್ತಿತ್ತು. ಕಿಟಕಿಯಿಂದ ನೋಡುತ್ತಿದ್ದ ಅವ್ವ ಮೂಲೆಯಲ್ಲಿದ್ದ ಕೊಡೆ ತಂದು ನನ್ನ ಕೈಗೆ ಕೊಟ್ಟಳು.

"ಹೋಗು, ಆಕೀನ್ನ ಕರ್ಕೊಂಡ್ ಬಾ" ಎಂದಳು. "ಇಂಥಾ ಮಳ್ಯಾಗ ಒಬ್ಬಾಕಿ ಅಂಜಿಕೊಂಡು ಯಾಕ ನಿಂದರಬೇಕು? ನಮ್ಮ ಮನಿ ಗಟ್ಟಿ ಐತಿ, ಇಲ್ಲಿ ಬಂದು ಮಲಗಲಿ."