ಗುರುಲಿಂಗವ್ವನ ಕಾಮೆಂಟರಿ

ಇಳಕಲ್ಲಿನ ಬಸ್‌ಸ್ಟ್ಯಾಂಡಿಗೆ ಗುರುಲಿಂಗವ್ವ ಬಂದಳೆಂದರೆ ಗಂಡಸರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ, ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಾರೆ. ಕಣ್ಣು ಹೋಗಿ ಮಗ್ಗ ಬಿಟ್ಟ ಗಂಡ ಅಮಾತೆಪ್ಪನನ್ನು ದಿನಾ ಸಂಜೆ ಬೆಂಚಿನ ಮೇಲೆ ಕೂರಿಸಿ, ಕಂಡದ್ದನ್ನೆಲ್ಲ ಊರಿಗೇ ಕೇಳುವಂತೆ ಹೇಳುವುದು ಅವಳ ಕಾಯಕ. "ಹುನಗುಂದದ ಬಸ್ ಬಂತ್ರಿ. ಕಾಶಪ್ಪ ಇಳದಾ. ಬೆಲ್‌ಬಾಟಮ್ ಹಾಕ್ಯಾನ, ರಸ್ತೇದಾಗಿನ ಕಸಾ ಎಲ್ಲಾ ಅವನ ಪ್ಯಾಂಟಿನ್ಯಾಗ ಐತಿ!" ಹೆಂಗಸು ಇಳಿದರೆ, ಸೀರೆಯ ಅಂಚು ನೇಯ್ದೇ ಬದುಕಿದ ಅಮಾತೆಪ್ಪನ ಪ್ರಶ್ನೆ ಒಂದೇ: "ಸೀರಿ ದಡಿ ಹ್ಯಾಂಗೈತಿ?" "ದಡಿ ಚಂದೈತ್ರಿ, ಉಟ್ಟಾಕಿ ಮಾರಿ ಗಂಟು ಹಾಕ್ಯಾಳ!" ವರ್ಣನೆಗೆ ಸಿಕ್ಕವರು ಬಿರಬಿರನೆ ನಡೆಯುತ್ತಾರೆ, ಕಂಡಕ್ಟರ್ ಕೂಡ ತಲೆ ಬಾಚಿಕೊಂಡೇ ಇಳಿಯುತ್ತಾನೆ. ಮೊನ್ನೆ ಮಾತ್ರ ಬಸ್ಸು ಬಂದರೂ ಅವಳ ದನಿಯಿಲ್ಲ. ಪಕ್ಕದಲ್ಲಿದ್ದ ನನ್ನನ್ನು ಅಮಾತೆಪ್ಪ ಕೇಳಿದ: "ನಮ್ಮಾಕಿ ಹ್ಯಾಂಗ ಅದಾಳ ನೋಡ್ರಿ. ಊರ ಮಂದೀದೆಲ್ಲಾ ಹೇಳ್ತಾಳ, ತನ್ನದೊಂದು ಹೇಳೂದಿಲ್ಲ." ಅವಳು ಗಂಡನ ಕೋಲನ್ನು ಮಡಿಲಲ್ಲಿ ಹಿಡಿದು, ಕಂಬಕ್ಕೆ ತಲೆ ಆನಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಸೀರೆಯ ದಡಿ ಸವೆದು ನೂಲು ಎದ್ದಿತ್ತು. ಅದನ್ನು ನಾನು ಹೇಳಲಿಲ್ಲ. "ನಿದ್ದಿ ಹತ್ತೈತ್ರಿ" ಎಂದೆ. ಅಮಾತೆಪ್ಪ ನನ್ನ ಕಡೆ ಸರಿದು ಕಿವಿಯಲ್ಲಿ ಅಂದ: "ಹಂಗಾರ ಇವತ್ತ ಬಸ್ಸಿಂದು ನೀವ ಹೇಳ್ರಿ. ಸಣ್ಣಗ."